ರಾತ್ರಿ ಹಲ್ಲುಜ್ಜದವರೆಲ್ಲ ಸೋಮಾರಿಗಳಲ್ಲ

ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕು ಅನ್ನುವುದು ಗೊತ್ತಿಲ್ಲದ ದೊಡ್ಡವರು ಈಗ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಶಾಲೆಯಲ್ಲಿ ಓದಿದ್ದಾರೆ. ಟಿವಿಯಲ್ಲಿ ನೋಡಿದ್ದಾರೆ. ತಮ್ಮ ಮಕ್ಕಳಿಗೆ ಗದರಿಸಿ ಹೇಳಿಯೂ ಇದ್ದಾರೆ. ಆದರೆ ರಾತ್ರಿ ಊಟ ಆದ ಮೇಲೆ ಬ್ರಷ್ ಹಿಡಿಯುವವರು ಎಷ್ಟು ಜನ? ನಿಮ್ಮ ಮನೆಯಲ್ಲೇ ಸುಮ್ನೆ ಒಮ್ಮೆ ಲೆಕ್ಕ ಹಾಕಿ ನೋಡಿ.

ಬಾಯಿಯ ಆರೋಗ್ಯದ ಬಗ್ಗೆ ಯಾವ ಕಾರ್ಯಕ್ರಮ ನಡೆದರೂ ಮೊದಲು ಕೇಳುವ ಮಾತು ‘ಜನರಲ್ಲಿ ಅರಿವಿಲ್ಲ’ ಅನ್ನುವುದು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಅರಿವು ಸಾಕಷ್ಟಿದೆ. ಆ ಅರಿವನ್ನು ದಿನದ ಯಾವ ಹೊತ್ತಿನಲ್ಲಿ, ಮನೆಯ ಯಾವ ಮೂಲೆಯಲ್ಲಿ, ಯಾವ ದುಡ್ಡಿನಲ್ಲಿ ನಡೆಸಬೇಕು ಅನ್ನುವುದೇ ತೊಡಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಒಂದಲ್ಲ ಒಂದು ಬಾಯಿಯ ರೋಗ ಇದೆ. ಇಷ್ಟೊಂದು ಜನ ಒಟ್ಟಿಗೆ ಸೋಮಾರಿಗಳಾಗಿರಲು ಸಾಧ್ಯವಿಲ್ಲ, ಅಲ್ವಾ?

ಬೆಳಗಿನ ಶಾಸ್ತ್ರ, ರಾತ್ರಿಯ ರೋಗ

ನಮ್ಮಲ್ಲಿ ಹಲ್ಲುಜ್ಜುವುದು ಬೆಳಗಿನ ಕೆಲಸ. ಎದ್ದು, ಹಲ್ಲುಜ್ಜಿ, ನಾಲಿಗೆ ಕೆರೆದು, ಅಕ್ಕಪಕ್ಕದ ಮನೆಗೂ ಕೇಳುವ ಹಾಗೆ ಗಂಟಲು ಕ್ಯಾಕರಿಸಿ, ಆಮೇಲೆ ಕಾಫಿ. ಬಾಯಿ ತೊಳೆಯದೆ ಒಲೆ, ಹಾಲು, ದೇವರ ಮನೆ ಮುಟ್ಟುವಂತಿಲ್ಲ. ಈ ಶಿಸ್ತು ಎಷ್ಟು ಗಟ್ಟಿಯಾಗಿದೆ ಅಂದರೆ ಪೇಸ್ಟ್ ಮುಗಿದ ದಿನ ಉಪ್ಪಿನಲ್ಲಾದರೂ ಉಜ್ಜಿಕೊಂಡು ಬರುತ್ತಾರೆಯೇ ಹೊರತು ಹಾಗೇ ಬಿಡುವುದಿಲ್ಲ. ಅಂದರೆ ಶುಚಿಯ ವಿಷಯದಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ಆದರೆ ಈ ಶುಚಿ ಮಡಿಯ ಲೆಕ್ಕದ್ದು, ಬಾಯಿಯ ವಾಸನೆಯ ಲೆಕ್ಕದ್ದು. ಹೊಸ ದಿನಕ್ಕೆ, ಎದುರು ಸಿಗುವ ನಾಲ್ಕು ಜನಕ್ಕೆ ಬಾಯಿಯನ್ನು ತಯಾರು ಮಾಡುವುದು ಇದರ ಉದ್ದೇಶ.

ಹುಳುಕು ನಡೆಯುವುದು ಬೇರೆ ಹೊತ್ತಿನಲ್ಲಿ. ನಾವು ತಿಂದ ಸಕ್ಕರೆ, ಹಿಟ್ಟಿನ ಅಂಶವನ್ನು ಹಲ್ಲಿನ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರದ ಖನಿಜವನ್ನು ಕರಗಿಸುತ್ತದೆ. ಹಗಲಿನಲ್ಲಿ ಬಾಯಲ್ಲಿ ಊರುವ ಎಂಜಲು ಅದನ್ನು ತೊಳೆದು, ತಣಿಸಿ, ಕರಗಿದ ಖನಿಜವನ್ನು ಸ್ವಲ್ಪ ಮಟ್ಟಿಗೆ ವಾಪಸ್ಸೂ ತುಂಬುತ್ತದೆ. ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆಯಾಗುತ್ತದೆ. ರಾತ್ರಿ ಊಟದ ಅನ್ನ, ಆಮೇಲಿನ ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು, ಇವೆಲ್ಲ ಆರೇಳು ಗಂಟೆ ಬಾಯಲ್ಲಿ ತಡೆಯುವವರಿಲ್ಲದೆ ಕೆಲಸ ಮಾಡುತ್ತವೆ. ಬೆಳಗ್ಗೆ ಎಷ್ಟು ಗಸಗಸ ಉಜ್ಜಿದರೂ ಅಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ. ಒಂದೇ ಸಲ ಉಜ್ಜುವುದು ಅಂತಾದರೆ ಅದು ರಾತ್ರಿ ಆಗಿರುವುದೇ ವಾಸಿ. ಹಾಗಂತ ಬೆಳಗ್ಗೆ ಬಿಟ್ಟುಬಿಡಿ ಎಂದು ಯಾರಿಗಾದರೂ ಹೇಳಿ ನೋಡಿ! ಮನೆಯಿಂದ ಹೊರಗೆ ಹಾಕುತ್ತಾರೆ.

ರಾತ್ರಿ ಯಾಕೆ ಆಗುವುದಿಲ್ಲ? ಇದಕ್ಕೆ ಉತ್ತರ ಬಾಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಮನೆಯಲ್ಲಿ ಹುಡುಕಬೇಕು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಬಚ್ಚಲು ಹಿತ್ತಲ ಕಡೆ, ಹೊರಗೆ. ಕತ್ತಲು, ಚಳಿ, ಮಳೆಗಾಲದಲ್ಲಿ ಹುಳಹುಪ್ಪಟೆ. ನೀರು ಬರುವುದು ಬೆಳಗ್ಗೆ ಒಂದು ಹೊತ್ತು, ಕೆಲವು ಕಡೆ ಎರಡು ಮೂರು ದಿನಕ್ಕೊಮ್ಮೆ. ಹಿಡಿದಿಟ್ಟ ನೀರಿನಲ್ಲಿ ರಾತ್ರಿ ಮತ್ತೊಂದು ಚೊಂಬು ಖರ್ಚು ಮಾಡುವ ಮೊದಲು ಯಾರಾದರೂ ಯೋಚಿಸುತ್ತಾರೆ. ಬೆಂಗಳೂರಿನ ವಠಾರದಲ್ಲಿ ನಾಲ್ಕು ಸಂಸಾರಕ್ಕೆ ಒಂದು ಬಚ್ಚಲಿದ್ದರೂ ಕಥೆ ಬೇರೆಯಲ್ಲ.

ಹೆಂಗಸರ ರಾತ್ರಿಯನ್ನಂತೂ ಬೇರೆಯಾಗಿಯೇ ನೋಡಬೇಕು. ಎಲ್ಲರದೂ ಆದ ಮೇಲೆ ಊಟ. ಆಮೇಲೆ ಪಾತ್ರೆ, ಒಲೆ ಒರೆಸುವುದು, ಹಾಲಿಗೆ ಹೆಪ್ಪು, ಬೆಳಗಿನ ದೋಸೆಗೆ ರುಬ್ಬಿದ ಹಿಟ್ಟು ತೆಗೆದಿಡುವುದು. ಪೀಣ್ಯದ ಗಾರ್ಮೆಂಟ್ಸ್ ಕೆಲಸದಿಂದ ಬಂದವರು ಇಷ್ಟೆಲ್ಲ ಮುಗಿಸುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಮಕ್ಕಳ ಬ್ರಷ್‌ಗೆ ಪೇಸ್ಟ್ ಹಾಕಿ ಕೊಡುವವರು ಅವರೇ, ತಮ್ಮದನ್ನು ಬಿಡುವವರೂ ಅವರೇ.

ಒಂದು ಒಳ್ಳೆಯ ರೂಢಿ ಮಾತ್ರ ನಮ್ಮಲ್ಲಿತ್ತು, ಅದನ್ನು ಹೇಳಲೇಬೇಕು. ಉಂಡೆದ್ದ ಮೇಲೆ ಕೈ ತೊಳೆದು ಬಾಯಿ ಮುಕ್ಕಳಿಸುವುದು. ಹಲ್ಲಿಗೆ ಅಂಟಿದ ಪದರ ಇದರಿಂದ ಹೋಗುವುದಿಲ್ಲ, ಆದರೆ ಆಹಾರದ ಚೂರುಗಳಾದರೂ ಹೋಗುತ್ತವೆ. ಚಮಚದಲ್ಲಿ ತಿಂದು ಟಿಶ್ಯೂನಲ್ಲಿ ಬಾಯಿ ಒರೆಸಿ ಏಳುವ ಕಚೇರಿ ಊಟದಲ್ಲಿ ಇದೂ ಹೋಯಿತು.

ಉಜ್ಜುವುದು ಯಾವುದರಿಂದ?

ಬೇವಿನ ಕಡ್ಡಿ, ಜಾಲಿ ಕಡ್ಡಿ, ಕರಾವಳಿಯಲ್ಲಿ ಮಾವಿನ ಎಲೆ, ಇದ್ದಿಲು, ಉಪ್ಪು, ಬೂದಿ. ನಂತರ ಪೊಟ್ಟಣದ ಹಲ್ಲುಪುಡಿ. 1913ರಲ್ಲಿ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಬೆರಳಲ್ಲಿ ತಿಕ್ಕಿಕೊಂಡು ಬೆಳೆದ ತಲೆಮಾರುಗಳೇ ಇವೆ. ಈಗ ಹೆಚ್ಚಿನ ಮನೆಗಳಲ್ಲಿ ಪೇಸ್ಟ್ ಬಂದಿದೆ. ಆದರೂ ಹಳೆಯದರ ಮೇಲಿನ ನಂಬಿಕೆ ಹೋಗಿಲ್ಲ. ‘ನಮ್ಮಜ್ಜಿ ಇದ್ದಿಲಲ್ಲಿ ಉಜ್ಜಿ ತೊಂಬತ್ತರವರೆಗೂ ಕಡಲೆ ಕಡಿಯುತ್ತಿದ್ದರು’ ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಅಜ್ಜಿಯ ಹಲ್ಲು ಉಳಿದದ್ದರಲ್ಲಿ ಇದ್ದಿಲಿಗಿಂತ ಆ ಕಾಲದ ಊಟದ ಪಾಲು ಜಾಸ್ತಿ. ಅವರು ದಿನಕ್ಕೆ ಐದು ಸಲ ಸಕ್ಕರೆ ಟೀ ಕುಡಿಯುತ್ತಿರಲಿಲ್ಲ. ಬಿಸ್ಕತ್ತು ಅವರ ಮನೆಯಲ್ಲಿ ಇರಲಿಲ್ಲ. ಹಲ್ಲು ಬೇಗ ಕಳೆದುಕೊಂಡ ಅಜ್ಜಿಯರ ಕಥೆಯನ್ನು ಯಾರೂ ಹೇಳುವುದೂ ಇಲ್ಲ.

ಹುಳುಕು ತಡೆಯುವುದು ಪೇಸ್ಟಿನ ನೊರೆಯಲ್ಲ, ಅದರೊಳಗಿನ ಫ್ಲೋರೈಡ್. ನಮ್ಮ ದೇಶದ ನಿಯಮದಲ್ಲಿ ಪೇಸ್ಟಿನಲ್ಲಿ ಅದು 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಮೀರುವಂತಿಲ್ಲ. ‘ಹರ್ಬಲ್’ ಎಂದು ಮಾರುವ ಎಷ್ಟೋ ಪೇಸ್ಟುಗಳಲ್ಲಿ, ಹೆಚ್ಚಿನ ಹಲ್ಲುಪುಡಿಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ಓದುವವರು ಕಡಿಮೆ. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಾವಿನ ಹಾಗೆ ಪೇಸ್ಟ್ ಹಾಕುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ ಅಷ್ಟೇ. ಬಟಾಣಿ ಕಾಳಿನಷ್ಟು ಸಾಕು.

ಇನ್ನು ಬ್ರಷ್. ಅಂಗಡಿಯಲ್ಲಿ ‘ಗಟ್ಟಿದು ಕೊಡಿ’ ಎಂದು ಕೇಳಿ ತರುತ್ತಾರೆ. ಗಟ್ಟಿಯಾಗಿ, ಅಡ್ಡಡ್ಡ ಉಜ್ಜಿದರೆ ಒಸಡು ಸರಿದು, ಹಲ್ಲಿನ ಬುಡ ಸವೆದು, ತಣ್ಣೀರು ತಾಗಿದರೂ ಜುಮ್ ಅನ್ನಲು ಶುರುವಾಗುತ್ತದೆ. ಮೂರು ತಿಂಗಳಿಗೆ ಬದಲಿಸಬೇಕಾದ ಬ್ರಷ್ ಎಳೆಗಳೆಲ್ಲ ಬಾಗಿ ಕೂತರೂ ಬದಲಾಗುವುದಿಲ್ಲ. ಕೊನೆಗೆ ಅದು ತಲೆಗೆ ಬಣ್ಣ ಹಚ್ಚಲೋ ಬೈಕ್ ಚೈನು ಉಜ್ಜಲೋ ಹೋದಾಗಲೇ ಹೊಸದು ಬರುವುದು. 2025ರ ಸೆಪ್ಟೆಂಬರ್ 22ರಿಂದ ಪೇಸ್ಟ್ ಮತ್ತು ಬ್ರಷ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ಬ್ರಷ್ಷಿನ ಬೆಲೆ ಮೊದಲಿಂದಲೂ ದೊಡ್ಡ ಅಡ್ಡಿಯಾಗಿರಲಿಲ್ಲ. ದುಡ್ಡು ಅಡ್ಡ ಬರುವುದು ಆಮೇಲೆ, ನೋವು ಬಂದ ಮೇಲೆ.

ಬಾಯಲ್ಲೇ ಉಳಿಯುವ ಅಭ್ಯಾಸ

ದೊಡ್ಡವರ ಬಾಯಿಯ ಬಗ್ಗೆ ಬರೆದು ತಂಬಾಕು, ಅಡಿಕೆ ಬಿಟ್ಟರೆ ಅದು ಅರ್ಧ ಮಾತು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 22.8ರಷ್ಟು ದೊಡ್ಡವರು ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರಿಗಿಂತ ಅಗಿಯುವವರು, ಬಾಯಲ್ಲಿಡುವವರು ಜಾಸ್ತಿ: ಶೇ 8.8ಕ್ಕೆ ಎದುರಾಗಿ ಶೇ 16.3.

ಇದು ಬರೀ ಚಟ ಎಂದು ಬಿಟ್ಟುಬಿಡುವವರು ಕೆಲಸದ ಸ್ವರೂಪ ನೋಡುವುದಿಲ್ಲ. ರಾತ್ರಿಯಿಡೀ ಲಾರಿ ಓಡಿಸುವವರಿಗೆ ನಿದ್ದೆ ಬರಬಾರದು. ಕಬ್ಬು ಕಡಿಯುವವರಿಗೆ, ಗಾರೆ ಕೆಲಸದವರಿಗೆ ಮಧ್ಯಾಹ್ನದವರೆಗೆ ಹಸಿವು ಗೊತ್ತಾಗಬಾರದು. ಚರಂಡಿ, ಕಸದ ಕೆಲಸ ಮಾಡುವವರಿಗೆ ವಾಸನೆ ತಡೆದುಕೊಳ್ಳಬೇಕು. ಹತ್ತು ರೂಪಾಯಿ ಒಳಗಿನ ಒಂದು ಪಾಕೀಟು ಈ ಎಲ್ಲಕ್ಕೂ ಒದಗುತ್ತದೆ. ಕೈಯೂ ಖಾಲಿ ಇರುತ್ತದೆ, ಮೇಸ್ತ್ರಿಗೂ ಕಾಣುವುದಿಲ್ಲ. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಎಂದು ಅಂಗಡಿಯ ಮುಂದೆ ಜೋಡಿಯಾಗಿ ತೂಗಾಡತೊಡಗಿದವು. ಕೊಂಡವರು ಅಂಗೈಯಲ್ಲಿ ಬೆರೆಸಿಕೊಂಡರು.

ಹೆಂಗಸರ ವಿಷಯದಲ್ಲಿ ದಾರಿ ಇನ್ನೂ ವಿಚಿತ್ರ. ಅವರಲ್ಲಿ ಎಷ್ಟೋ ಜನರಿಗೆ ತಂಬಾಕು ಶುರುವಾಗುವುದೇ ಹಲ್ಲಿನ ಹೆಸರಲ್ಲಿ. ಹಲ್ಲು ನೋವು ಅಂದರೆ ಪಕ್ಕದ ಮನೆಯವರು ‘ಒಂಚೂರು ಹೊಗೆಸೊಪ್ಪು ಇಟ್ಕೋ, ಹೋಗುತ್ತೆ’ ಅನ್ನುತ್ತಾರೆ. ಬೆಳಗಾವಿ ಕಡೆ ಸುಟ್ಟ ತಂಬಾಕಿನ ಪುಡಿ ಮಿಶ್ರಿಯನ್ನು, ಬೇರೆ ಕಡೆ ನಶ್ಯವನ್ನು ಹಲ್ಲಿಗೆ ತಿಕ್ಕುತ್ತಾರೆ. ಒಸಡು ಮರಗಟ್ಟಿ ನೋವು ಕಡಿಮೆಯಾದಂತೆ ಅನಿಸುತ್ತದೆ. ಸ್ವಲ್ಪ ದಿನದಲ್ಲಿ ನೋವಿಲ್ಲದಿದ್ದರೂ ತಿಕ್ಕದೆ ಇರಲಾಗುವುದಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಬೇಕು. ಹೊರಗಿನವರ ಕಣ್ಣಿಗೆ ಅವರು ಹಲ್ಲು ತಿಕ್ಕುತ್ತಿದ್ದಾರೆ ಅಷ್ಟೇ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ, 1997ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮನೆಯಲ್ಲೇ ಹುರಿದು ಪುಡಿ ಮಾಡಿಕೊಳ್ಳುವ ಮಿಶ್ರಿಗೆ ಆ ಕಾನೂನು ಎಲ್ಲಿಂದ ತಾಗಬೇಕು?

ಅಡಿಕೆಯ ಬಗ್ಗೆ ಬರೆಯುವುದು ಕರ್ನಾಟಕದಲ್ಲಿ ಕಷ್ಟದ ಕೆಲಸ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವು. ಶಿವಮೊಗ್ಗ, ದಾವಣಗೆರೆ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಲಕ್ಷಾಂತರ ಸಂಸಾರಗಳು ಅದರ ಮೇಲೆ ನಿಂತಿವೆ. ವೀಳ್ಯ ಇಲ್ಲದೆ ಮದುವೆ ಮಾತು ಮುಗಿಯುವುದಿಲ್ಲ, ಬಾಣಂತಿಗೂ ಎಲೆ ಅಡಿಕೆ ಕೊಡುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಇಲ್ಲದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಬ್ಬಕ್ಕೊಮ್ಮೆ ವೀಳ್ಯ ಹಾಕುವುದಕ್ಕೂ ದಿನವಿಡೀ ಅಡಿಕೆ ಪುಡಿಯನ್ನು ಕೆನ್ನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಕೆನ್ನೆಯ ಒಳಭಾಗ ನಾರಿನಂತೆ ಬಿಗಿಯಾಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುತ್ತದೆ. ಆಮೇಲೆ ಬ್ರಷ್ಷೇ ಒಳಗೆ ಹೋಗುವುದಿಲ್ಲ. ‘ದಿನಕ್ಕೆ ಎರಡು ಸಲ ಉಜ್ಜಿ’ ಎಂದು ಅವರಿಗೆ ಹೇಳಿ ಏನು ಪ್ರಯೋಜನ? 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಜನರಿಗೆ ಹೊಸದಾಗಿ ಬಾಯಿ ಕ್ಯಾನ್ಸರ್ ಪತ್ತೆಯಾಗುತ್ತಿದೆ. ನಮ್ಮ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ.

ಹಳದಿ ಹಲ್ಲು ಯಾರ ತಪ್ಪು?

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರ ಹಲ್ಲು ನೋಡಿ ಹೊರಗಿನವರು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ: ಇವರು ಹಲ್ಲುಜ್ಜುವುದಿಲ್ಲ. ಹಲ್ಲಿನ ಮೇಲಿನ ಆ ಕಂದು ಪಟ್ಟೆ, ಸುಣ್ಣದಂಥ ಬಿಳಿ ಮಚ್ಚೆ ಹೆಚ್ಚಾಗಿ ಫ್ಲೋರೋಸಿಸ್. ಆಳದ ಬೋರ್‌ವೆಲ್ ನೀರಿನಲ್ಲಿ ಬಂಡೆಯಿಂದ ಬಿಟ್ಟುಕೊಂಡ ಫ್ಲೋರೈಡ್ ಜಾಸ್ತಿ ಇರುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 1.5 ಮಿಲಿಗ್ರಾಂ ದಾಟಬಾರದು. ಪೇಸ್ಟಿನಲ್ಲಿ ಹಲ್ಲು ಕಾಯುವ ವಸ್ತುವೇ ಕುಡಿಯುವ ನೀರಿನಲ್ಲಿ ಅತಿಯಾದರೆ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ.

ಗಮನಿಸಬೇಕಾದ್ದು ಇನ್ನೊಂದಿದೆ. ಈ ಕಲೆ ಆಗುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದ ಒಳಗೆ. ಇವತ್ತು ನಲವತ್ತು ವರ್ಷದವರ ಹಲ್ಲಿನ ಮೇಲಿರುವುದು ಅವರು ಚಿಕ್ಕವರಿದ್ದಾಗ ಅವರ ಊರಿನಲ್ಲಿ ಸಿಕ್ಕ ನೀರಿನ ಗುರುತು. ಎಷ್ಟು ಉಜ್ಜಿದರೂ ಹೋಗದು. ಹೋಗಲಿ ಎಂದು ಇಟ್ಟಿಗೆ ಪುಡಿ, ನಿಂಬೆರಸ, ಸೋಡಾ ಹಾಕಿ ಉಜ್ಜಿ ಇದ್ದ ಪದರವನ್ನೂ ಸವೆಸಿಕೊಂಡವರಿದ್ದಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಗುವವರಿದ್ದಾರೆ. ಈಗ ಊರೂರಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕಗಳು ಬಂದಿವೆ. ಅದು ಕೆಟ್ಟು ನಿಂತ ದಿನ ಮಕ್ಕಳು ಮತ್ತೆ ಹಳೆಯ ಬೋರಿನ ನೀರೇ ಕುಡಿಯುತ್ತಾರೆ.

ಕೀಳಿಸಿದರೆ ಒಂದು ದಿನ, ಉಳಿಸಿದರೆ ನಾಲ್ಕು ದಿನ

ಹಲ್ಲಿನ ಡಾಕ್ಟರ ಹತ್ತಿರ ನಮ್ಮ ಜನ ಹೋಗುವುದು ನೋವು ಬಂದಾಗ. ಅದೂ ಲವಂಗದ ಎಣ್ಣೆ ಹಚ್ಚಿ, ಮೆಡಿಕಲ್ ಶಾಪಿನ ಮಾತ್ರೆ ನುಂಗಿ, ಸಂತೆಯಲ್ಲಿ ಗುಳ್ಳದ ಬೀಜದ ಹೊಗೆ ಹಾಕಿ ‘ಹುಳ’ ತೆಗೆಯುವವರಿಗೂ ಬಾಯಿ ತೋರಿಸಿ ಆದ ಮೇಲೆ. ಅಷ್ಟರಲ್ಲಿ ಹುಳುಕು ನರಕ್ಕೆ ಇಳಿದಿರುತ್ತದೆ.

ಆಗ ಲೆಕ್ಕ ಶುರು. ಕೀಳಿಸಿದರೆ ಕೆಲವು ನೂರು ರೂಪಾಯಿ, ಒಂದೇ ಭೇಟಿ. ತಾಲ್ಲೂಕು ಆಸ್ಪತ್ರೆಯಲ್ಲಾದರೆ ಹೆಚ್ಚುಕಡಿಮೆ ಖರ್ಚೇ ಇಲ್ಲ. ಒಳಗಿನ ಕೆಟ್ಟ ನರ ತೆಗೆದು ಹಲ್ಲು ಉಳಿಸುವ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದರೆ ಹಲವು ಸಾವಿರ, ಮೂರು ನಾಲ್ಕು ಭೇಟಿ. ಪ್ರತಿ ಭೇಟಿಗೂ ಒಂದು ದಿನದ ಕೂಲಿ ಹೋಗುತ್ತದೆ. 2023ರ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸಿನ ಖರ್ಚು ತಪ್ಪಿತು, ಕೂಲಿ ಖೋತಾ ತಪ್ಪಲಿಲ್ಲ. ಹೀಗಿರುವಾಗ ‘ಕಿತ್ತುಹಾಕಿ ಡಾಕ್ಟ್ರೇ’ ಎಂದು ಕೇಳುವುದು ದಡ್ಡತನವಲ್ಲ. ಕೈಯಲ್ಲಿರುವ ದುಡ್ಡಿಗೆ ತಕ್ಕ ನಿರ್ಧಾರ. ಅಮೆರಿಕದಲ್ಲಿರುವ ಕನ್ನಡಿಗರೂ ಇದೇ ಲೆಕ್ಕ ಹಾಕುತ್ತಾರೆ: ಅಲ್ಲಿಯ ಬಿಲ್ ನೋಡಿ, ರಜಕ್ಕೆ ಬೆಂಗಳೂರಿಗೆ ಬಂದಾಗ ಹಲ್ಲಿನ ಕೆಲಸ ಮುಗಿಸಿಕೊಂಡು ಹೋಗುವವರು ಎಷ್ಟಿಲ್ಲ!

ಖರ್ಚಿನ ಜೊತೆಗೆ ಹೆದರಿಕೆಯೂ ಇದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಅನ್ನುವ ನಂಬಿಕೆ ಓದಿದವರಲ್ಲೂ ಇದೆ. ಅದು ಸುಳ್ಳು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವುದು ಇನ್ನೊಂದು. ಇದಕ್ಕೆ ಕಾರಣ ಉಂಟು. ವರ್ಷಗಟ್ಟಲೆ ಗಾರೆಯಂತೆ ಕಟ್ಟಿಕೊಂಡ ಪಾಚಿಯೇ ಬುಡ ಕಳಚಿದ ಹಲ್ಲುಗಳನ್ನು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದ ಕೂಡಲೇ ಮೊದಲೇ ಸಡಿಲವಾಗಿದ್ದ ಹಲ್ಲು ಅಲ್ಲಾಡುವುದು ಗೊತ್ತಾಗುತ್ತದೆ. ದೂರು ಮಾತ್ರ ಡಾಕ್ಟರ ಮೇಲೆ. ಒಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನೇ ನಿಲ್ಲಿಸುವುದೂ ಹೀಗೆಯೇ. ನಿಲ್ಲಿಸಿದಷ್ಟೂ ರಕ್ತ ಜಾಸ್ತಿ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಸಕ್ಕರೆ ಕಾಯಿಲೆಯವರಿದ್ದಾರೆ. ಸಕ್ಕರೆ ಹೆಚ್ಚಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಆದರೂ ಶುಗರ್ ತೋರಿಸಲು ತಿಂಗಳು ತಿಂಗಳು ಹೋಗುವವರ ಬಾಯಿಯನ್ನು ಯಾರೂ ತೆರೆಸಿ ನೋಡುವುದಿಲ್ಲ.

ಎಲ್ಲಾ ಹಲ್ಲಿಗೂ ಒಂದೇ ಮರ್ಯಾದೆ ಇಲ್ಲ ಅನ್ನುವುದನ್ನೂ ಹೇಳಬೇಕು. ಮುಂದಿನ ಹಲ್ಲು ಮುರಿದರೆ ಸಾಲ ಮಾಡಿಯಾದರೂ ಕಟ್ಟಿಸುತ್ತಾರೆ. ಮದುವೆಗೆ ಮುಂಚೆ ಕ್ಲೀನಿಂಗ್, ತಂತಿ ಎಲ್ಲಾ ನಡೆಯುತ್ತದೆ. ಅಗಿಯುವ ದವಡೆ ಹಲ್ಲುಗಳು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಒಂದೊಂದಾಗಿ ಹೋಗುತ್ತವೆ. ಕೊನೆಗೆ ಊಟವೇ ಬದಲಾಗುತ್ತದೆ. ಮೈಸೂರು ಕಡೆಯವರು ಬಚಾವ್, ಮುದ್ದೆಯನ್ನು ಹೇಗೂ ಅಗಿಯುವಂತಿಲ್ಲ. ಉತ್ತರ ಕರ್ನಾಟಕದ ಹಿರಿಯರು ಕಟಕ ರೊಟ್ಟಿ ಬಿಟ್ಟು, ಬಿಸಿ ರೊಟ್ಟಿಯನ್ನು ಹಾಲಲ್ಲೋ ಸಾರಲ್ಲೋ ನೆನೆಹಾಕಿ ತಿನ್ನುತ್ತಾರೆ. ಆಮೇಲೆ ಅದೂ ಬೇಡವಾಗಿ ಮೆತ್ತನೆಯ ಅನ್ನ. ಕಾಳು, ಸೊಪ್ಪು, ಶೇಂಗಾ ತಟ್ಟೆಯಿಂದ ಮಾಯ.

ಇಲ್ಲಿ ಸರ್ಕಾರ ಬರುತ್ತದೆ, ಆದರೆ ತಡವಾಗಿ. 2014–15ರಲ್ಲಿ ಶುರುವಾದ ರಾಜ್ಯದ ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಡುತ್ತಾರೆ. ಒಳ್ಳೆಯ ಯೋಜನೆ, ಅದರಿಂದ ಮತ್ತೆ ರೊಟ್ಟಿ ತಿಂದವರಿದ್ದಾರೆ. ಆದರೆ ಹಲ್ಲೆಲ್ಲ ಹೋದ ಮೇಲೆ ಸಿಗುವ ಈ ಔದಾರ್ಯ, ಮೂವತ್ತೈದರ ವಯಸ್ಸಿನಲ್ಲಿ ಒಂದು ಸಣ್ಣ ಹುಳುಕು ತುಂಬಿಸಿಕೊಳ್ಳಲು ಯಾಕೆ ಸಿಗುವುದಿಲ್ಲ? ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತ ಬಿಟ್ಟರೆ ಹಲ್ಲಿನ ಖರ್ಚು ಕೊಡುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತ ವೈದ್ಯರೇ ಇರುವುದಿಲ್ಲ. ಇತ್ತ ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬೆಂಗಳೂರಿನ ಒಂದೊಂದು ರಸ್ತೆಯಲ್ಲಿ ಎರಡು ಮೂರು ಕ್ಲಿನಿಕ್ಕುಗಳು ರೋಗಿಗಳಿಗಾಗಿ ಕಾಯುತ್ತಿರುತ್ತವೆ. ಕಾಲೇಜು ಆಸ್ಪತ್ರೆಗಳಲ್ಲಿ ಕಡಿಮೆ ದುಡ್ಡಿಗೆ ಒಳ್ಳೆಯ ಚಿಕಿತ್ಸೆ ಸಿಗುತ್ತದೆ ಅನ್ನುವುದೂ ಬಹಳ ಜನಕ್ಕೆ ಗೊತ್ತಿಲ್ಲ. ಈ ಒಂದು ಕಡೆ ಅರಿವಿನ ಕೊರತೆ ನಿಜಕ್ಕೂ ಇದೆ.

ಆದ್ದರಿಂದ ಉಪದೇಶವನ್ನು ಸ್ವಲ್ಪ ಕಡಿಮೆ ಮಾಡಿ ಏರ್ಪಾಟು ಬದಲಿಸಿದರೆ ಜಾಸ್ತಿ ಕೆಲಸ ಆಗಬಹುದು ಅಂತ ನನಗನ್ನಿಸುತ್ತದೆ. ಬ್ರಷ್ ಹೊರಗಿನ ಬಚ್ಚಲಲ್ಲೇ ಇರಬೇಕು ಅಂತೇನಿಲ್ಲ. ಅಡುಗೆಮನೆಯ ಸಿಂಕಿನ ಪಕ್ಕ, ರಾತ್ರಿ ನುಂಗುವ ಬಿಪಿ ಮಾತ್ರೆಯ ಜೊತೆಗಿಟ್ಟರೆ ಕೈಗೆ ಸಿಗುತ್ತದೆ. ಉಜ್ಜಿ ಉಗಿದು, ಜಾಸ್ತಿ ನೀರಲ್ಲಿ ಮುಕ್ಕಳಿಸದೆ ಬಿಟ್ಟರೆ ಫ್ಲೋರೈಡ್ ಹಲ್ಲಿನ ಮೇಲೆ ಉಳಿದು ಇನ್ನೂ ಒಳ್ಳೆಯದು. ಚೊಂಬು ನೀರಿನ ಚಿಂತೆಯೂ ಕಡಿಮೆ. ಶುಗರ್, ಬಿಪಿ ನೋಡುವ ದಿನವೇ ನರ್ಸ್ ಒಬ್ಬರು ಟಾರ್ಚ್ ಹಿಡಿದು ಬಾಯಿ ನೋಡಿದರೆ ತಂಬಾಕಿನಿಂದ ಬಾಯೊಳಗೆ ಏಳುವ ಬಿಳಿ ಮಚ್ಚೆ, ಬಿಗಿದ ಕೆನ್ನೆ, ಆಳಕ್ಕಿಳಿಯದ ಹುಳುಕು ಬೇಗ ಸಿಕ್ಕಿಬೀಳುತ್ತವೆ. ದಂತ ಭಾಗ್ಯದ ದುಡ್ಡಿನಲ್ಲಿ ಒಂದು ಪಾಲನ್ನು ಹಲ್ಲು ತುಂಬಿಸುವುದಕ್ಕೆ ಇಡಬಹುದು. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ ವಾರಕ್ಕೊಂದು ದಿನ ಸಂಜೆ, ಇಲ್ಲವೇ ಭಾನುವಾರ ಬೆಳಗ್ಗೆ ತೆರೆದಿದ್ದರೆ ಕೂಲಿ ಬಿಡದೆ ಬರಲು ಆಗುತ್ತದೆ. ಈಗ ಅದು ತೆರೆದಿರುವುದು ಅವರೆಲ್ಲ ಕೆಲಸದಲ್ಲಿರುವ ಹೊತ್ತಿನಲ್ಲಿ.